ಕೆನಡಾ ಬಿಡಿ, ಶ್ರೀಲಂಕಾ ನೋಡಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಯಾರ ಮನೆಗೆ ಹೋದರೂ ಮಗ ಕೆನಡಾದಲ್ಲಿದ್ದಾನೆ, ಮಗಳು ಆಸ್ಟ್ರೇಲಿಯಾದಲ್ಲಿದ್ದಾಳೆ ಅನ್ನುವ ಮಾತು ಬರುತ್ತದೆ. ಹಿಂದೆಯೇ ಅಲ್ಲಿನ ರಸ್ತೆ, ಅಲ್ಲಿನ ಆಸ್ಪತ್ರೆಯ ವರ್ಣನೆ ಶುರು. ಅಷ್ಟು ದುಡ್ಡಿರುವ ದೇಶದ ಜೊತೆ ಹೋಲಿಸಿ ನಮಗೇನು ಸಿಗುತ್ತದೆ? ಹೋಲಿಸುವುದಾದರೆ ಪಕ್ಕದ ಶ್ರೀಲಂಕಾ ನೋಡಿ. ಅಲ್ಲೂ ಬೆಟ್ಟ, ಅಲ್ಲೂ ಜಡಿಮಳೆ, ಅಲ್ಲೂ ಬ್ರಿಟಿಷರು ಎಬ್ಬಿಸಿದ ತೋಟಗಳು. ಈಗ ಟೀ ಇರುವ ಆ ಬೆಟ್ಟಗಳಲ್ಲಿ ಮೊದಲಿದ್ದದ್ದು ಕಾಫಿಯೇ, ಎಲೆ ತುಕ್ಕು ರೋಗ ಬಂದು ನೆಲ ಕಚ್ಚಿತು.

2022ರಲ್ಲಿ ಆ ದೇಶ ಸಾಲ ಕಟ್ಟಲಾಗದೆ ಕೈಚೆಲ್ಲಿತು, ಜನ ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಂತರು. ಆದರೂ 2025ರ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿಯಲ್ಲಿ ಅದು 89ನೇ ಸ್ಥಾನದಲ್ಲಿದೆ, ನಾವು 130ರಲ್ಲಿ. ಅಲ್ಲಿನವರ ಸರಾಸರಿ ಆಯಸ್ಸು ಸುಮಾರು 77 ವರ್ಷ, ನಮ್ಮದು 72. ಕಾರಣ ಗುಟ್ಟೇನಲ್ಲ. 1926ರಲ್ಲೇ ಅಲ್ಲಿನ ಕಳುತರ ಊರಿನಲ್ಲಿ ಆರೋಗ್ಯ ಘಟಕ ಶುರು ಮಾಡಿ, ಆಮೇಲೆ ಅದನ್ನು ದೇಶಕ್ಕೆಲ್ಲ ಹರಡಿದರು. ಸಂಬಳ ಪಡೆಯುವ ಸರ್ಕಾರಿ ಮಿಡ್‌ವೈಫ್ ಬಸುರಿಯ ಮನೆ ಬಾಗಿಲಿಗೇ ಬರುತ್ತಾರೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಓಡಾಡುವುದಿಲ್ಲ ಅಂತಲ್ಲ, ಪಾಪ, ಸಿಗುವ ಅಷ್ಟಿಷ್ಟು ಗೌರವಧನಕ್ಕೆ ಅವರು ಜಾಸ್ತಿಯೇ ದುಡಿಯುತ್ತಾರೆ.

ಈ ಮಳೆಗಾಲದಲ್ಲಿ ನಮ್ಮ ಕಡೆಯ ಒಂದು ತೋಟದ ಲೈನ್ ಮನೆಗೆ, ಅಂದರೆ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲೊಂದಕ್ಕೆ, ಹೋಗಿದ್ದೆ. ಒಂದೇ ಕೋಣೆ, ಅದರಲ್ಲೇ ಒಲೆ. ಶೀಟು ಸೋರುವ ಕಡೆ ಪಾತ್ರೆ ಇಟ್ಟಿದ್ದರು. ಒದ್ದೆ ಸೌದೆಯ ಹೊಗೆ ಕಣ್ಣು ಬಿಡಲು ಕೊಡುತ್ತಿರಲಿಲ್ಲ, ಆ ಹೊಗೆಯಲ್ಲೇ ತಿಂಗಳ ಕೂಸು ಮಲಗಿತ್ತು. ನೋವು ಬಂದ ರಾತ್ರಿ ತಾಯಿಯನ್ನು ತೋಟದ ಪಿಕಪ್‌ನಲ್ಲಿ ಹೊರಡಿಸಿದ್ದಾರೆ, ರಸ್ತೆಯಲ್ಲಿ ಆನೆ ನಿಂತಿತ್ತಂತೆ, ಅದು ಸರಿಯುವ ತನಕ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರಂತೆ.

ಶ್ರೀಲಂಕಾದ ತೋಟದಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಅಲ್ಲೂ ಲೈನ್ ಮನೆಗಳಿವೆ. ತಲೆಮಾರುಗಳಿಂದ ದುಡಿದ ತಮಿಳು ಕಾರ್ಮಿಕರನ್ನು 1948ರ ಕಾನೂನು ಪೌರತ್ವವೇ ಇಲ್ಲದವರನ್ನಾಗಿ ಮಾಡಿತ್ತು. ಇವತ್ತಿಗೂ ಆ ದೇಶದಲ್ಲಿ ಹಿಂದುಳಿದವರು ಅವರೇ. ಆದರೆ ಆ ಕಾರ್ಮಿಕರಿಗೆ ಮನೆ ಕಟ್ಟಿಸಿಕೊಡುತ್ತಿರುವುದು ಯಾರು ಗೊತ್ತಾ? ನಮ್ಮ ಭಾರತ ಸರ್ಕಾರ. ಮೊದಲು 4,000 ಮನೆ, ಆಮೇಲೆ 2017ರಲ್ಲಿ ಪ್ರಧಾನಿ ಅಲ್ಲಿಗೇ ಹೋಗಿ ಇನ್ನೂ 10,000 ಮನೆ ಘೋಷಿಸಿದರು. 2016ರಲ್ಲಿ ಅಲ್ಲಿ ಶುರುವಾದ, 1990 ನಂಬರಿಗೆ ಫೋನ್ ಮಾಡಿದರೆ ಬರುವ ಆಂಬುಲೆನ್ಸ್ ಸೇವೆಗೂ ದುಡ್ಡು ಕೊಟ್ಟಿದ್ದು ನಾವೇ. ಒಳ್ಳೆಯ ಕೆಲಸ, ನನಗೆ ಹೆಮ್ಮೆಯಿದೆ. ಅದೇ ಕೆಲಸ ಇಲ್ಲಿನ ಆದಿವಾಸಿಗಳಾದ ಎರವರಿಗೆ, ಕುರುಬರಿಗೆ, ಅಸ್ಸಾಮಿನಿಂದ ಬಂದು ದುಡಿಯುವವರಿಗೆ ಯಾಕೆ ಆಗಬಾರದು? 2016ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಬೀದಿಗೆ ಬಿದ್ದವರಲ್ಲಿ ಲೈನ್ ಮನೆ ಬಿಟ್ಟು ಬಂದವರೂ ಇದ್ದರಲ್ವಾ? 2019ರಲ್ಲಿ ಇಡೀ ಜಿಲ್ಲೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕು ಅಂತ ದನಿ ಎತ್ತಿತು. ಕಾಯಿಲೆ ಗಂಭೀರ ಅಂದರೆ ಇವತ್ತಿಗೂ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಓಡಬೇಕು.

ಸರ್ಕಾರ ಹೋಬಳಿಗೊಂದು ಸುಸ್ಥಿತಿಯ ಆಂಬುಲೆನ್ಸ್ ನಿಲ್ಲಿಸಲಿ, ಲೈನ್ ಮನೆಗಳಿಗೆ ತಪ್ಪದೆ ನರ್ಸ್ ಕಳಿಸಲಿ. ಮನೆಗೆ ಜಾಗ ಇಲ್ಲ ಅಂತ ಅಧಿಕಾರಿಗಳು ಹೇಳುತ್ತಾರೆ. ಬೆಳೆಗಾರರಾದ ನಾವು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರೆ ಜಾಗವೂ ಆಗುತ್ತದೆ. ರಸ್ತೆ ಬದಿಯ ಐದು ಸೆಂಟು ಕೊಡಲು ನಾನು ತಯಾರಿದ್ದೇನೆ, ಪಂಚಾಯಿತಿಯವರು ಬಂದು ಮಾತಾಡಲಿ.

– ಒಬ್ಬ ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು