ಕಿಕ್ಕರ್ ವಾದ ಮುಂದುವರಿಸುವವರಿಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕನ್ ಫುಟ್‌ಬಾಲ್ ಲೀಗ್‌ನ (ಎನ್‌ಎಫ್‌ಎಲ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಏಳು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುವಾಗ, ಕಿಕ್ಕರ್‌ನನ್ನು (ಚೆಂಡು ಒದ್ದು ಅಂಕ ತರುವವನನ್ನು) ಬೇಗ ಆರಿಸಬೇಕು ಅನ್ನುವವರು ಮೊದಲು ರಾಬರ್ಟೊ ಅಗುವಾಯೊ ಕಥೆ ನೋಡಿ. 2016ರಲ್ಲಿ ಟ್ಯಾಂಪಾ ಬೇ ತಂಡ ಮೂರನೇ, ನಾಲ್ಕನೇ ಸುತ್ತಿನ ಆಯ್ಕೆಗಳನ್ನು ಬಿಟ್ಟುಕೊಟ್ಟು ಎರಡನೇ ಸುತ್ತಿನಲ್ಲಿ ಅವನನ್ನು ತಂದಿತು. ಆ ಸೀಸನ್‌ನಲ್ಲಿ 31 ಫೀಲ್ಡ್ ಗೋಲ್ (ಚೆಂಡನ್ನು ಒದ್ದು ಗೋಲ್ ಕಂಬಗಳ ನಡುವೆ ದಾಟಿಸುವುದು) ಯತ್ನಗಳಲ್ಲಿ ಕೂಡಿಬಂದದ್ದು 22. ಮರುವರ್ಷ ಸೀಸನ್ ಶುರುವಾಗುವ ಮುಂಚೆಯೇ ಮನೆಗೆ ಕಳಿಸಿದರು.

ಬೇಗ ಆರಿಸಿದರೂ ಗೆದ್ದ ಕಿಕ್ಕರ್ ಜಾನಿಕೋವ್ಸ್ಕಿ ಇಲ್ವಾ ಅಂತೀರಿ. ಸರಿ, 2000ದಲ್ಲಿ ರೇಡರ್ಸ್ ತಂಡದವರು ಅವನನ್ನು ಮೊದಲ ಸುತ್ತಿನಲ್ಲೇ, 17ನೇ ಆಯ್ಕೆಯಾಗಿ ತಗೊಂಡರು, ವರ್ಷಾನುಗಟ್ಟಲೆ ಆಡಿದ. ಆದರೆ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಕಿಕ್ಕರ್ ವಿನಟಿಯೇರಿಯನ್ನು ಯಾರೂ ಡ್ರಾಫ್ಟ್ ಮಾಡಿರಲಿಲ್ಲ. ಡಲ್ಲಾಸ್ ತಂಡದ ಕಿಕ್ಕರ್ ಆಬ್ರಿಯನ್ನೂ ಅಷ್ಟೇ. ಸಾಕರ್ ಬಿಟ್ಟು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ್ದ ಮನುಷ್ಯ, 2023ರಲ್ಲಿ ಬಂದು ಮೊದಲ 35 ಫೀಲ್ಡ್ ಗೋಲ್‌ಗಳನ್ನು ಒಂದೂ ತಪ್ಪದೆ ಹೊಡೆದ!

ವರ್ಷಕ್ಕೆ ಮೂವತ್ತು ಚಿಲ್ಲರೆ ಯತ್ನ. ಅದರಲ್ಲಿ ಕಾಲ್ಚಳಕ ಎಷ್ಟು, ಅದೃಷ್ಟ ಎಷ್ಟು ಅಂತ ಕಾಲೇಜು ಆಟ ನೋಡಿ ಹೇಳೋದು ಕಷ್ಟ. ಆರನೇ, ಏಳನೇ ಸುತ್ತಿನಲ್ಲಾದರೆ ನನ್ನ ತಕರಾರಿಲ್ಲ. ಅದಕ್ಕೂ ಮುಂಚೆ ಸುಮ್ನೆ ಒಬ್ಬ ಲೈನ್‌ಮನ್‌ನನ್ನು (ಮುಂದಿನ ಸಾಲಲ್ಲಿ ಎದುರಾಳಿಗಳ ಜೊತೆ ಸೆಣಸುವ ಆಟಗಾರ) ಹಿಡಿಯೋದು ವಾಸಿ.

ಒಪ್ಪದವರು ಹೆಸರು, ವರ್ಷ, ಸುತ್ತು ಸಮೇತ ಬರೆಯಿರಿ. ಪಂದ್ಯ ನಡೆಯುವಾಗ ಮಾತ್ರ ಈ ಜಗಳ ಬೇಡ, ದಯವಿಟ್ಟು.