ಮೊದಲು ಮಾದರಿ ಪ್ರತಿ, ಆಮೇಲೆ ಬಿಡುಗಡೆ

ಮಾನ್ಯರೇ,

ಈಚೆಗೆ ಮಡಿಕೇರಿಯ ಪುಸ್ತಕ ಬಿಡುಗಡೆ ಸಮಾರಂಭವೊಂದರಲ್ಲಿ ಕೊಂಡ, ಲೇಖಕರೇ ಪ್ರಕಟಿಸಿದ ಕಥಾಸಂಕಲನದಲ್ಲಿ 32ನೇ ಪುಟದ ನಂತರ ನೇರವಾಗಿ 49 ಬಂತು. ಹದಿನಾರು ಪುಟಗಳ ಒಂದು ಫಾರಂ (ಮುದ್ರಿಸಿ ಮಡಚಿದ ಹಾಳೆಯ ಕಟ್ಟು) ಬೈಂಡಿಂಗಿನಲ್ಲೇ ಬಿಟ್ಟುಹೋಗಿತ್ತು. ‘ನುಡಿ’ ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಿಸುವಾಗ ಚೆಲ್ಲಾಪಿಲ್ಲಿಯಾದ ಒತ್ತಕ್ಷರಗಳನ್ನೂ ಯಾರೂ ತಿದ್ದಿರಲಿಲ್ಲ. ಶಾಲು, ಹಾರ, ಸ್ಮರಣಿಕೆಗಳಿಗೆ ಮಾತ್ರ ಕೊರತೆಯಿರಲಿಲ್ಲ!

ಕಂಪ್ಯೂಟರಿನಲ್ಲಿ ಪಿಡಿಎಫ್ ನೋಡಿ ಒಪ್ಪಿಗೆ ಕೊಟ್ಟರೆ ಸಾಲದು. ಒಂದು ಮಾದರಿ ಪ್ರತಿ ಮುದ್ರಿಸಿ, ಹಸ್ತಪ್ರತಿ ನೋಡಿರದ ಯಾರಿಂದಲಾದರೂ ಓದಿಸಬೇಕು. ಬರೆದವರ ಕಣ್ಣು ತಪ್ಪನ್ನು ಸರಿಯೆಂದೇ ಓದಿಬಿಡುತ್ತದೆ. ಒಳಅಂಚು ಕಿರಿದಾಗಿದ್ದರೆ ಸಾಲಿನ ತುದಿ ಪುಸ್ತಕದ ಬೆನ್ನಿನೊಳಗೆ ಹುದುಗುತ್ತದೆ. ಅಂಟಿನ ಬೈಂಡಿಂಗ್ ಆದರೆ ಪುಸ್ತಕವನ್ನು ಪೂರ್ತಿ ಅಗಲಿಸಿ ಪರೀಕ್ಷಿಸಿ. ನಮ್ಮ ಮಳೆಗಾಲದ ತೇವದಲ್ಲಿ ಕಳಪೆ ಅಂಟು ಹೆಚ್ಚು ದಿನ ತಾಳುವುದಿಲ್ಲ. ಸಭಾಂಗಣ ಕಾಯ್ದಿರಿಸುವುದು ಇದೆಲ್ಲ ಮುಗಿದ ಮೇಲಾಗಲಿ. ಅತಿಥಿಗಳ ದಿನಾಂಕಕ್ಕೆ ಹೊಂದಿಸಲು ಹೋಗಿಯೇ ಕರಡು ತಿದ್ದುವ ಕೆಲಸ ಅರ್ಧಕ್ಕೆ ನಿಲ್ಲುವುದು.

ಪುಸ್ತಕವನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್‌ನ 13 ಅಂಕಿಗಳು ಹಿಂಬದಿ ರಕ್ಷಾಪುಟದಲ್ಲೂ ಒಳಪುಟದಲ್ಲೂ ಒಂದೇ ಇವೆಯೇ ನೋಡಿಕೊಳ್ಳಿ. ಅಂದಹಾಗೆ, ಈ ಸಂಖ್ಯೆ ಭಾರತದಲ್ಲಿ ಉಚಿತ. ಕೊಡಿಸುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳು ಇದನ್ನು ಹೇಳುವುದಿಲ್ಲ.

– ನಿವೃತ್ತ ಕನ್ನಡ ಶಿಕ್ಷಕಿ, ಸೋಮವಾರಪೇಟೆ