ಮೊದಲು ಸುದ್ದಿ, ಆಮೇಲೆ ಸಾಮಾನು

ಆತ್ಮೀಯರೇ,

ಮೇ ತಿಂಗಳಲ್ಲಿ ಊರಿಗೆ ಫೋನ್ ಮಾಡಿದರೆ ಮೊದಲೆಲ್ಲ ಮಾವು, ಹಲಸು, ಮದುವೆ, ಸೆಕೆ, ಇಷ್ಟೇ ಮಾತು. ಈಗೀಗ ನಮ್ಮಲ್ಲಿ ಮಂಗಳೂರು, ಉಡುಪಿ ಕಡೆಯವರೆಲ್ಲ "ಕಡಲು ಹೇಗಿದೆ?" ಅಂತಲೂ ಕೇಳುತ್ತಾರೆ. ಕೇಳಬೇಕಾದ ಕಾಲವೇ ಇದು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ಹೆಚ್ಚಾಗಿ ವರ್ಷದ ಎರಡು ಹೊತ್ತಿನಲ್ಲಿ. ಮಳೆಗಾಲ ಹಿಡಿಯುವ ಮುಂಚೆ ಮೇ, ಜೂನ್‌ನಲ್ಲಿ ಒಮ್ಮೆ. ಮಳೆಗಾಲ ಬಿಟ್ಟ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್ ವರೆಗೆ ಇನ್ನೊಮ್ಮೆ. ಒಮಾನಿನ ಮಸ್ಕತ್‌ನಲ್ಲಿರುವ ನಮ್ಮ ಸಂಘದವರಿಗೆ ಇದು ಎರಡೂ ಕಡೆಯ ಚಿಂತೆ. ಕಡಲಿನ ಆ ದಡದಲ್ಲಿ ಅಪ್ಪ ಅಮ್ಮ, ಈ ದಡದಲ್ಲಿ ನಾವು. ಗಾಳಿ ಯಾವ ಕಡೆ ತಿರುಗಿದರೂ ಯಾರಾದರೊಬ್ಬರು ಫೋನ್ ಹಿಡಿದುಕೊಂಡು ಕೂರಲೇಬೇಕು.

ಈ ಸಂಚಿಕೆಯಲ್ಲಿ ನಿಮ್ಮಲ್ಲಿ ಒಂದು ಕೆಲಸ ಕೇಳುವವನಿದ್ದೇನೆ. ಅದಕ್ಕೆ ಮೊದಲು 2021ರ ತೌಕ್ತೆ ಚಂಡಮಾರುತವನ್ನು ನೆನಪಿಸಬೇಕು.

ಆ ವರ್ಷ ಮೇ 14ಕ್ಕೆ ಲಕ್ಷದ್ವೀಪದ ಹತ್ತಿರ ಹುಟ್ಟಿದ ವಾಯುಭಾರ ಕುಸಿತ ಮರುದಿನಕ್ಕೆ ಚಂಡಮಾರುತವಾಯಿತು. ಅದು ನಮ್ಮ ಕರಾವಳಿಗೆ ಅಪ್ಪಳಿಸಲಿಲ್ಲ. ದಡದಿಂದ ದೂರದಲ್ಲೇ ಬಡಗು ದಿಕ್ಕಿಗೆ ಸಾಗಿ 17ರ ರಾತ್ರಿ ಗುಜರಾತಿನಲ್ಲಿ ನೆಲ ಮುಟ್ಟಿತು. ಆದರೆ ಹೋಗುವ ದಾರಿಯಲ್ಲಿ ಮಾಡಿದ್ದೇನು ಕಡಿಮೆಯಲ್ಲ. ಬೈಂದೂರು ಕಡೆಯ ನಾಡದಲ್ಲಿ ಒಂದೇ ದಿನಕ್ಕೆ 385 ಮಿಲಿಮೀಟರ್ ಮಳೆ. ಉಳ್ಳಾಲ, ಸೋಮೇಶ್ವರದಿಂದ ಕಾಪು, ಪಡುಕೆರೆ, ಮರವಂತೆ ತನಕ ಕಡಲ ಕೊರೆತ. ತೆಂಗಿನ ಮರಗಳು ಬುಡ ಸಮೇತ ಹೋದವು, ರಸ್ತೆ ಕುಸಿಯಿತು, ಮನೆಯೊಳಗೆ ಉಪ್ಪು ನೀರು ಬಂತು. ಮಂಗಳೂರಿನಾಚೆ ಕಡಲಲ್ಲಿ ಕೆಲಸ ಮಾಡುತ್ತಿದ್ದ ಟಗ್ (ಹಡಗು ಎಳೆಯುವ ಸಣ್ಣ ಹಡಗು) ಒಂದು ಮಗುಚಿ ಜೀವಗಳು ಹೋದವು. ಇನ್ನೊಂದು ಟಗ್ ಕಾಪುವಿನ ಕಡೆ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು 17ರಂದು ಪಾರು ಮಾಡಿದರು. ಅಷ್ಟು ಹೊತ್ತು ಅವರ ಮನೆಯವರು ಹೇಗೆ ಕಳೆದರೋ.

ನಾವಂತೂ ಇಲ್ಲಿ ಕೈಕಟ್ಟಿ ಕೂತಿದ್ದೆವು. ಕೊರೋನಾದ ಎರಡನೇ ಅಲೆ. ಕರ್ನಾಟಕದಲ್ಲಿ ಮೇ 10ರಿಂದ ಲಾಕ್‌ಡೌನ್. ಭಾರತದಿಂದ ಬರುವವರಿಗೆ ಒಮಾನ್ ಏಪ್ರಿಲ್ 24ರಿಂದಲೇ ಬಾಗಿಲು ಹಾಕಿತ್ತು. ಊರಿಗೆ ಹೋದರೆ ಕೆಲಸಕ್ಕೆ ವಾಪಸ್ ಬರುವ ಖಾತ್ರಿ ಇರಲಿಲ್ಲ. ಶನಿವಾರ ಬೆಳಿಗ್ಗೆಯಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಿಡಿಯೋಗಳ ಸುರಿಮಳೆ. ಮನೆಯೊಂದು ಅಲೆಗೆ ಜಾರಿ ಬೀಳುವ ವಿಡಿಯೋ ನೋಡಿ ಎಷ್ಟೋ ಜನ ಗಾಬರಿಯಾದರು. "ಇದು ಯಾವ ಊರು?" ಅಂತ ಕೇಳಿದರೆ ಹಾಕಿದವರಿಗೇ ಗೊತ್ತಿಲ್ಲ. ಯಾರೋ ಕಳಿಸಿದ್ದು, ಇವರು ಮುಂದಕ್ಕೆ ಕಳಿಸಿದ್ದು, ಅಷ್ಟೇ. ಅವುಗಳಲ್ಲಿ ಕೆಲವು ಬೇರೆ ವರ್ಷದ್ದು, ಬೇರೆ ರಾಜ್ಯದ್ದು ಅಂತ ಆಮೇಲೆ ತಿಳಿಯಿತು. ಆದರೆ ಆ ಹೊತ್ತಿನಲ್ಲಿ ಅಮ್ಮನ ಫೋನ್ ಸ್ವಿಚ್ ಆಫ್ ಆಗಿರುವ ಮಗನ ಕಣ್ಣಿಗೆ ಆ ವಿಡಿಯೋ ಬಿದ್ದರೆ ಏನಾಗಬೇಕು?

ಹಾಗೆಯೇ ಆಯಿತು. ನಮ್ಮ ಸದಸ್ಯರೊಬ್ಬರ ತಾಯಿ ಪಡುಕೆರೆಯಲ್ಲಿ ಒಬ್ಬರೇ ಇದ್ದರು. ಪಡುಕೆರೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಸಪೂರ ನೆಲ. ಕರೆಂಟ್ ಹೋಗಿ ಫೋನ್ ಸತ್ತಿತ್ತು. ಮಗ ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದರು, ಮುಂಬೈಯ ಭಾವನಿಗೆ ಮಾಡಿದರು. ಅವರೂ ಅಲ್ಲಿಂದ ಅದೇ ಸತ್ತ ನಂಬರಿಗೆ ಮಾಡುತ್ತಿದ್ದರು. ಕೊನೆಗೆ ಸುದ್ದಿ ಸಿಕ್ಕಿದ್ದು ಯಾರಿಂದ? ಗುಂಪಿನಲ್ಲಿದ್ದ ಇನ್ನೊಬ್ಬರಿಗೆ ಮಲ್ಪೆ ಬಂದರಿನಲ್ಲಿ ಮಂಜುಗಡ್ಡೆ ವ್ಯವಹಾರದ ಒಬ್ಬ ಸ್ನೇಹಿತ. ಆ ಸ್ನೇಹಿತನಿಗೆ ಪಡುಕೆರೆಯ ಒಬ್ಬ ದೋಣಿಯವನ ಪರಿಚಯ. ಆತ ಮಳೆಯಲ್ಲಿ ನಡೆದುಕೊಂಡು ಹೋಗಿ, ಆ ಮನೆಯ ಬಾಗಿಲು ತಟ್ಟಿ, ತನ್ನ ಫೋನಿನಲ್ಲೇ ಅಮ್ಮನ ಮಾತು ರೆಕಾರ್ಡ್ ಮಾಡಿ ಕಳಿಸಿದ. "ಮನೆಗೆ ನೀರು ಬರ್ಲಿಲ್ಲ ಮಗಾ, ಬಾವಿಗೆ ಬಂದಿದೆ. ನೀನು ಊಟ ಮಾಡು." ಆ ಧ್ವನಿ ಕೇಳಿ ಇಡೀ ಗುಂಪು ಉಸಿರು ಬಿಟ್ಟಿತು.

ಅಮ್ಮ ಕ್ಷೇಮ ಅಂತ ತಿಳಿದದ್ದು ಸಂತೋಷ. ಆದರೆ ನನ್ನನ್ನು ಕಾಡಿದ್ದು ಬೇರೆ. ಆ ದೋಣಿಯವನ ತನಕ ತಲುಪಿದ್ದು ಅದೃಷ್ಟದಿಂದ. ಅಂಥ ಒಬ್ಬೊಬ್ಬರ ನಂಬರು ನಮ್ಮ ಹತ್ತಿರ ಮೊದಲೇ ಯಾಕಿರಲಿಲ್ಲ? ಯುಗಾದಿ ಊಟಕ್ಕೆ, ರಾಜ್ಯೋತ್ಸವದ ನಾಟಕಕ್ಕೆ ಎಷ್ಟು ಅಚ್ಚುಕಟ್ಟಾಗಿ ಪಟ್ಟಿ ಮಾಡುವ ಸಂಘ ನಮ್ಮದು. ಊರಿನಲ್ಲಿ ಒಂಟಿಯಾಗಿರುವ ಹಿರಿಯರ ಪಕ್ಕದ ಮನೆಯವರು ಯಾರು ಅನ್ನುವ ಪಟ್ಟಿ ಮಾಡುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ.

ಹೀಗೆ ಕಾಯುವುದು ಬರೀ ನಮ್ಮ ಪಾಲಿನದ್ದಲ್ಲ ಅನ್ನುವುದೂ ನೆನಪಿರಲಿ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಒಮಾನಿಗೆ ಬಂದಾಗ ಊರಿನವರು ನಮಗಾಗಿ ಕಾದಿದ್ದರು. ಅರಬ್ಬಿ ಸಮುದ್ರದಲ್ಲಿ ಅಲ್ಲಿಯ ತನಕ ದಾಖಲಾದವುಗಳಲ್ಲಿ ಅತಿ ಬಲವಾದದ್ದು ಅದು. ಇಲ್ಲಿ ವಾದಿ ಅಂತ ಕರೆಯುವ ಒಣ ಹಳ್ಳಗಳು ಹೊಳೆಯಾಗಿ ಹರಿದವು. ಕುರುಮ್ ಕಡೆ ಕಾರುಗಳು ತೇಲಿದವು. ಸಮುದ್ರದ ನೀರನ್ನು ಸಿಹಿ ಮಾಡುವ ಘುಬ್ರಾ ಮತ್ತು ಬರ್ಕಾದ ಘಟಕಗಳು ನಿಂತುಹೋಗಿ ಮಸ್ಕತ್‌ನಲ್ಲಿ ಕುಡಿಯುವ ನೀರಿಗೇ ತತ್ವಾರ. ಕರೆಂಟ್ ಇಲ್ಲ, ಫೋನ್ ಇಲ್ಲ. ಆಗ ವಾಟ್ಸಾಪ್ ಕೂಡ ಇರಲಿಲ್ಲ. ಆ ದಿನಗಳಲ್ಲಿ ಇಲ್ಲಿದ್ದ ಹಿರಿಯ ಸದಸ್ಯರು ಹೇಳುತ್ತಾರೆ, ಲೈನ್ ಸಿಕ್ಕ ಒಬ್ಬರು ತಮ್ಮ ಮನೆಗೆ ಫೋನ್ ಮಾಡಿ ಇನ್ನೂ ನಾಲ್ಕಾರು ಮನೆಗಳಿಗೆ ಸುದ್ದಿ ಮುಟ್ಟಿಸಲು ಹೇಳುತ್ತಿದ್ದರಂತೆ. ಕುಂದಾಪುರದ ಒಂದು ಮನೆಗೆ ಬಂದ ಕರೆಯಿಂದ ಕೋಟ, ಸಾಲಿಗ್ರಾಮ, ಬ್ರಹ್ಮಾವರದ ಮನೆಗಳಲ್ಲಿ ದೀಪ ಹಚ್ಚಿದರಂತೆ.

2021ರ ಅಕ್ಟೋಬರ್ 3ರಂದು ಶಾಹೀನ್ ಚಂಡಮಾರುತ ಬಂದಾಗಲೂ ಅಷ್ಟೇ. ಅದು ಬಂದ ದಾರಿ ನೋಡಿ. ಬಂಗಾಳ ಕೊಲ್ಲಿಯಲ್ಲಿ ಗುಲಾಬ್ ಎಂಬ ಹೆಸರಿನಲ್ಲಿ ಹುಟ್ಟಿ, ಆಂಧ್ರದಲ್ಲಿ ನೆಲ ಮುಟ್ಟಿ, ಇಡೀ ಭಾರತವನ್ನು ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದು ಮತ್ತೆ ಬಲ ಪಡೆದು ಬಂತು. ಒಮಾನಿನ ಬಾತಿನಾ ಕರಾವಳಿಯ ಸುವೈಕ್, ಖಬೂರಾ ಕಡೆಯ ಅಂಗಡಿಗಳು, ತೋಟಗಳು ಕೆಸರಿನಲ್ಲಿ ಮುಳುಗಿದವು. ಆ ವಾರ ಒಮಾನಿನ ಮೂಲೆಮೂಲೆಯಿಂದ ಜನ ಗುದ್ದಲಿ, ಪೊರಕೆ, ಅಡುಗೆ ಪಾತ್ರೆ ಹೇರಿಕೊಂಡು ಬಾತಿನಾಕ್ಕೆ ಬಂದರು. ಗುರುತು ಪರಿಚಯವಿಲ್ಲದವರ ಮನೆಯ ಕೆಸರು ತೆಗೆದರು. ನಮ್ಮ ಹುಡುಗರೂ ಹೋಗಿದ್ದರು. ಆ ಕೆಲಸ ನೋಡಿದವರಿಗೆ ಪರಿಹಾರ ಅಂದರೆ ಏನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ.

ಸುದ್ದಿಯೇ ಇಲ್ಲದಿರುವುದು ಎಂಥ ನೋವು ಅನ್ನುವುದನ್ನು ಮಲ್ಪೆ ಚೆನ್ನಾಗಿ ಬಲ್ಲದು. 2018ರ ಡಿಸೆಂಬರ್ 13ರಂದು ಅಲ್ಲಿಂದ ಹೊರಟ ಸುವರ್ಣ ತ್ರಿಭುಜ ಬೋಟ್‌ನಲ್ಲಿ ಏಳು ಮೀನುಗಾರರಿದ್ದರು. 15ರ ರಾತ್ರಿಯ ನಂತರ ಸಂಪರ್ಕವೇ ಇಲ್ಲ. ಅಲ್ಲಿ ಚಂಡಮಾರುತವೂ ಇರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗಿನವರು ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಕಡಲ ತಳದಲ್ಲಿ ಅದರ ಅವಶೇಷ ಪತ್ತೆ ಮಾಡುವ ತನಕ ಮನೆಯವರಿಗೆ ಏನೂ ಗೊತ್ತಿರಲಿಲ್ಲ. ಸಾವಿರಾರು ಮೀನುಗಾರರು ಉಡುಪಿಯಲ್ಲಿ ಬೀದಿಗಿಳಿದದ್ದು ದುಡ್ಡು ಕೇಳಲಿಕ್ಕಲ್ಲ. ನಮ್ಮವರು ಎಲ್ಲಿ, ಹುಡುಕಿ ಅಂತ ಕೇಳಲಿಕ್ಕೆ.

ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಮತ್ತೆ ವೈರ್‌ಲೆಸ್ಸೇ ಗತಿ. ಒಂದು ಬೋಟ್‌ನ ತಂಡೇಲ, ಅಂದರೆ ಬೋಟು ನಡೆಸುವವ, ಇನ್ನೊಂದು ಬೋಟಿಗೆ ಹೇಳಿ, ಆತ ದಡಕ್ಕೆ ಹತ್ತಿರ ಇರುವವನಿಗೆ ಹೇಳಿ, ಹಾಗೆ ಬಂದರಿಗೆ ಮಾತು ಬರುತ್ತದೆ. ಯಾಂತ್ರಿಕ ಬೋಟುಗಳಿಗೆ ಮಳೆಗಾಲದ ರಜೆ ಶುರುವಾಗುವುದು ಜೂನ್ 1ಕ್ಕೆ. ಅಂದರೆ ಮೇ ತಿಂಗಳ ಗಾಳಿ ಏಳುವಾಗ ಬೋಟುಗಳು ಇನ್ನೂ ಕಡಲಲ್ಲೇ ಇರುತ್ತವೆ. ಆ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೆ ಅಂತ ಸರಿಯಾಗಿ ಗೊತ್ತಿರುವುದು ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಜಾಗದಲ್ಲಿ ಇರುವವರಿಗೆ. ಟಿವಿಯವರಿಗಿಂತ ಮೊದಲು ಅವರನ್ನು ಕೇಳಬೇಕು. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ನಮ್ಮವರದ್ದೂ ಹೊರ ರಾಜ್ಯದವರದ್ದೂ ಬೋಟುಗಳು ಕಾರವಾರದ ಬಂದರಿನಲ್ಲಿ ಆಶ್ರಯ ಪಡೆದಿದ್ದವು. ಮನೆಯಲ್ಲಿ ಅಳುತ್ತಿದ್ದವರಿಗೆ ಅಷ್ಟು ತಿಳಿದಿದ್ದರೆ ಸಾಕಿತ್ತು.

ಇನ್ನು ಸಹಾಯದ ವಿಷಯ. ಗಾಳಿ ನಿಂತ ಮರುದಿನವೇ "ಬಟ್ಟೆ ಸೇರಿಸೋಣ, ಕಂಬಳಿ ಕಳಿಸೋಣ" ಅಂತ ಸಂದೇಶ ಬರಲು ಶುರುವಾಗುತ್ತದೆ. ಮನಸ್ಸು ಒಳ್ಳೆಯದೇ. ಆದರೆ ಸ್ವಲ್ಪ ತಡೆಯಿರಿ ಅಂತ ನಾನು ಕೈಮುಗಿದು ಕೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಕಡಲು ಒಳಗೆ ಬಂದು ಹೋದ ಮೇಲೆ ಮೊದಲು ಬೇಕಾಗುವುದು ಕುಡಿಯುವ ನೀರು. ಬಾವಿಗೆ ಉಪ್ಪು ನೀರು ನುಗ್ಗಿದರೆ ಅದನ್ನು ಪಂಪ್ ಹಾಕಿ ಖಾಲಿ ಮಾಡಬೇಕು, ಕೆಸರು ತೆಗೆಸಬೇಕು, ಬ್ಲೀಚಿಂಗ್ ಪೌಡರ್ ಹಾಕಬೇಕು. ಆಮೇಲೂ ಕೆಲವು ದಿನ ನೀರು ಉಪ್ಪಾಗಿಯೇ ಇರುತ್ತದೆ. ಅಲ್ಲಿ ಒಂದು ಡೀಸೆಲ್ ಪಂಪಿನ ಬಾಡಿಗೆ, ಒಂದು ಟ್ಯಾಂಕರ್ ನೀರು, ಮಾಡಿನ ಮೇಲೆ ಹಾಕಲು ಟರ್ಪಾಲು, ಹಾರಿಹೋದ ಹಂಚಿನ ಬದಲು ಹಂಚು, ಇವಕ್ಕೆ ಇರುವ ಬೆಲೆ ನಾವು ಕಟ್ಟಿ ಕಳಿಸುವ ಹಳೆ ಬಟ್ಟೆಯ ಮೂಟೆಗೆ ಇಲ್ಲ. ನಾಡದೋಣಿಯವರನ್ನು ಕೇಳಿದರೆ ಬಲೆ ಮತ್ತು ಇಂಜಿನ್ ರಿಪೇರಿ ಅನ್ನುತ್ತಾರೆ. ಏನು ಬೇಕು ಅಂತ ಕೇಳಿ, ಅಲ್ಲೇ ಕೊಂಡು ಕೊಟ್ಟರೆ ಊರಿನ ಅಂಗಡಿಯವನಿಗೂ ವ್ಯಾಪಾರ.

ಹಣವಿಲ್ಲದೆ ಮಾಡಬಹುದಾದ ಒಂದು ದೊಡ್ಡ ಕೆಲಸವೂ ಇದೆ. ಸರ್ಕಾರದ ಪರಿಹಾರಕ್ಕೆ ಗ್ರಾಮ ಆಡಳಿತ ಅಧಿಕಾರಿ ಬಂದು ಹಾನಿ ನೋಡಿ ವರದಿ ಕೊಡಬೇಕು. ನಮ್ಮ ಹಿರಿಯರು ಏನು ಮಾಡುತ್ತಾರೆ? ಮನೆ ಗಲೀಜಾಗಿದೆ ಅಂತ ಬೆಳಿಗ್ಗೆ ಎದ್ದು ಎಲ್ಲ ಗುಡಿಸಿ ತೊಳೆದು ಬಿಡುತ್ತಾರೆ. ಅಧಿಕಾರಿ ಬರುವಾಗ ತೋರಿಸಲು ಏನೂ ಇರುವುದಿಲ್ಲ. "ಅಮ್ಮಾ, ಮುಟ್ಟುವ ಮೊದಲು ಫೋಟೋ ತೆಗೆಸು" ಅಂತ ಇಲ್ಲಿಂದ ಹೇಳಬಹುದಲ್ವಾ? ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯ ತೆರಿಗೆ ರಸೀದಿ, ಇವುಗಳ ಪ್ರತಿ ನಿಮ್ಮ ಫೋನಿನಲ್ಲೂ ಇರಲಿ. ಅರ್ಜಿ ತುಂಬುವಾಗ ಇಲ್ಲಿಂದಲೇ ಕಳಿಸಿಕೊಡಬಹುದು.

ಹಣ ಕೊಡುವವರು ಕಾನೂನು ನೋಡಿಕೊಂಡು ಕೊಡಿ. ಒಮಾನಿನಲ್ಲಿ ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಚಂದಾ ಎತ್ತುವಂತಿಲ್ಲ. ಹಾಗಾಗಿ ಸಂಘದ ಹೆಸರಿನಲ್ಲಿ ಯಾರೂ ಡಬ್ಬಿ ಹಿಡಿಯಬೇಡಿ, ಗುಂಪಿನಲ್ಲಿ ಖಾತೆ ಸಂಖ್ಯೆ ಹಾಕಬೇಡಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವುದಕ್ಕೆ ವಿದೇಶಿ ದೇಣಿಗೆಯ ಕಟ್ಟಳೆ ಅನ್ವಯಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಡುವುದಾದರೆ ಆ ಸಂಸ್ಥೆಗೆ ವಿದೇಶಿ ದೇಣಿಗೆ ಪಡೆಯುವ ನೋಂದಣಿ ಇರಬೇಕು. ಇದನ್ನು ಮೊದಲೇ ತಿಳಿದುಕೊಂಡರೆ ಕೊಟ್ಟವರಿಗೂ ಪಡೆದವರಿಗೂ ತೊಂದರೆಯಿಲ್ಲ.

ಈಗ ನಾನು ಕೇಳುತ್ತೇನೆ ಅಂದ ಕೆಲಸ. ಪ್ರತಿಯೊಬ್ಬ ಸದಸ್ಯರೂ ನಿಮ್ಮ ಊರಿನ ಒಬ್ಬರ ಹೆಸರು, ಫೋನ್ ನಂಬರು ಕಾರ್ಯದರ್ಶಿಗಳಿಗೆ ಕೊಡಿ. ಅವರು ನಿಮ್ಮ ಮನೆಯವರಾಗುವುದು ಬೇಡ. ನಿಮ್ಮ ಮನೆಗೆ ನಡೆದುಕೊಂಡು ಹೋಗಬಲ್ಲವರಾಗಿರಬೇಕು. ಪಕ್ಕದ ಮನೆಯ ಅಕ್ಕ, ಹಾಲಿನ ಡಿಪೋದವರು, ರಿಕ್ಷಾದ ಅಣ್ಣ, ಅಂಗಡಿಯವರು, ಯಾರಾದರೂ ಸರಿ. ಅವರನ್ನು ಕೇಳಿ, ಒಪ್ಪಿಗೆ ಪಡೆದೇ ಕೊಡಿ. ಪಟ್ಟಿ ಕಾರ್ಯದರ್ಶಿಗಳ ಹತ್ತಿರ ಮಾತ್ರ ಇರುತ್ತದೆ, ಗುಂಪಿನಲ್ಲಿ ಹಾಕುವುದಿಲ್ಲ. ಜಿಲ್ಲಾ ಕಂಟ್ರೋಲ್ ರೂಮಿನ 1077, ಕೋಸ್ಟ್ ಗಾರ್ಡಿನ 1554, ಇವು ಇಲ್ಲಿಂದ ಹಾಗೇ ಒತ್ತಿದರೆ ಹೋಗುವುದಿಲ್ಲ. ನಮ್ಮ ಪರವಾಗಿ ಅಲ್ಲಿ ಒತ್ತುವವರು ಬೇಕು. ಅದಕ್ಕೂ ಇದೇ ಪಟ್ಟಿ.

ಗಾಳಿಯ ದಿನಗಳಲ್ಲಿ ಗುಂಪಿನಲ್ಲಿ ಎರಡೇ ಬಗೆಯ ಸಂದೇಶ ಇರಲಿ. ಒಂದು, ಹವಾಮಾನ ಇಲಾಖೆಯ ಪ್ರಕಟಣೆ. ಚಂಡಮಾರುತ ಎದ್ದ ಮೇಲೆ ಅವರು ಮೂರು ಗಂಟೆಗೊಮ್ಮೆ ಕೊಡುತ್ತಾರೆ. ಅಲೆಗಳ ವಿಷಯ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಹೇಳುತ್ತದೆ. ಇನ್ನೊಂದು, ಕಣ್ಣಾರೆ ನೋಡಿದವರ ಮಾತು, ಊರಿನ ಹೆಸರು ಮತ್ತು ಹೊತ್ತಿನ ಸಮೇತ. ಉಳಿದ ವಿಡಿಯೋ ಯಾವುದೂ ಬೇಡ. ಇದನ್ನು ಕಟ್ಟುನಿಟ್ಟಾಗಿ ಪಾಲಿಸಲು ಅಡ್ಮಿನ್‌ಗಳಿಗೆ ತಿಳಿಸಲಾಗಿದೆ.

ಇಲ್ಲಿಯ ತನಕ ಬಂದ ಹೆಸರುಗಳಲ್ಲಿ ಹೆಚ್ಚಿನವು ಮಂಗಳೂರು ಮತ್ತು ಉಡುಪಿ ಪೇಟೆಯವು. ಉಚ್ಚಿಲ, ಕಾಪು, ಕೋಡಿಬೆಂಗ್ರೆ, ಮರವಂತೆ, ಶಿರೂರಿನಿಂದ ಇನ್ನೂ ಒಂದೂ ಬಂದಿಲ್ಲ. ಆ ಕಡೆಯವರು ಈ ಶುಕ್ರವಾರ ಊರಿಗೆ ಮಾತಾಡುವಾಗ ಕೇಳಿ, ಶನಿವಾರದೊಳಗೆ ಕಳಿಸಿಕೊಡಿ.

ನಿಮ್ಮ
ಸಂಪಾದಕ